ಇನ್ಸುಲಿನ್ ಕೊಟ್ಟ ಡಾಕ್ಟರ ಹೆಸರು

ಗಲ್ಫಿನ ರಿಫಾದಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಮಂಗಳೂರು ಕಡೆಯ ನರ್ಸಮ್ಮ ಒಬ್ಬರಿದ್ದರು. ಡ್ಯೂಟಿಗೆ ಹೊರಡುವ ಮೊದಲು ದಿನಾ ಬಂದು ನನಗೆ ಇನ್ಸುಲಿನ್ ಚುಚ್ಚುತ್ತಿದ್ದರು. ಸಿರಿಂಜನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಎರಡು ಸಲ ತಟ್ಟಿ, "ಹೆದರುವುದೆಂತಕ್ಕೆ? ಇರುವೆ ಕಚ್ಚಿದ ಹಾಗೆ ಅಷ್ಟೆ" ಎನ್ನುವರು.

ಕೆನಡಾದಲ್ಲಿರುವ ನನ್ನ ಮೊಮ್ಮಗಳು ಅಲ್ಲಿಯ ಪೌರತ್ವದ ಪರೀಕ್ಷೆಯಲ್ಲಿ ಒಮ್ಮೆ ಫೇಲಾದಳು. ಆ ದೇಶದ ದೊಡ್ಡವರ ಹೆಸರುಗಳೇ ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ನನಗೆಂತ ಗೊತ್ತು? ನರ್ಸಮ್ಮನೇ ವಿಡಿಯೋ ಕಾಲಿನಲ್ಲಿ ಅವಳಿಗೆ ಪ್ರಶ್ನೆ ಕೇಳತೊಡಗಿದರು.

ಒಂದು ದಿನ ಇನ್ಸುಲಿನ್ ಕಂಡುಹಿಡಿದವರು ಯಾರೆಂದರೆ ಹುಡುಗಿ ಬೆಬ್ಬೆಬ್ಬೆ. ನರ್ಸಮ್ಮ ಫೋನನ್ನು ನನ್ನ ಹೊಟ್ಟೆಯತ್ತ ತಿರುಗಿಸಿ ಸೂಜಿ ಚುಚ್ಚಿದರು. "ನೋಡು ಮಗಾ, ನಿನ್ನ ಅಜ್ಜಿ ಬದುಕಿರುವುದು ಆ ಕೆನಡಾದ ಡಾಕ್ಟರಿಂದ. ಇನ್ನು ಅವರ ಹೆಸರು ಮರೆಯುತ್ತೀಯಾ?" ಹುಡುಗಿ ಕಣ್ಣೊರೆಸಿಕೊಂಡು ಪುಸ್ತಕ ತೆರೆದಳು.

ನರ್ಸಮ್ಮ ಈಗ ರಿಟೈರಾಗಿ ಊರಿಗೆ ಹೋಗಿದ್ದಾರೆ. ನಿನ್ನೆ ನನ್ನ ಮೊಮ್ಮಗಳು ಪಾಸಾದಳು! ಇಡೀ ಬಿಲ್ಡಿಂಗಿಗೆ ಹಲ್ವ ಹಂಚಿ ನರ್ಸಮ್ಮನಿಗೆ ಫೋನ್ ಮಾಡಿದೆ. ಆ ಕಡೆ ಅವರು ಅತ್ತರು, ಈ ಕಡೆ ನಾನು. ಮತ್ತೆ ಅವರೇ ಕೇಳಿದರು, "ಹಲ್ವ ನೀವು ತಿನ್ನಲಿಲ್ಲ ತಾನೆ?"

"ಒಂದೇ ಚೂರು ಮಾರಾಯ್ತಿ" ಎಂದೆ. ಮೂರು ತಿಂದಿದ್ದೆ.