ಭಾನುವಾರಕ್ಕೆ ಮೊದಲೊಂದು ದಾಕು

ಗೆಳತಿಯರೇ, ಇವತ್ತು ಬೆಳಿಗ್ಗೆ ಎದುರು ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದು ಕಂಡಿತು. ಅವರ ಮಗುವಿಗೆ ಸಿಡುಬು. ಹತ್ತು ಗಂಟೆಗೆಲ್ಲ ಸಿಡುಬು ತಡೆಯುವ ದಾಕು ಹಾಕುವವರು ನಮ್ಮ ಜಯನಗರದ ಬೀದಿಗೆ ಬಂದರು. ಮನೆಯವರೆಲ್ಲ ಹಾಕಿಸಿಕೊಂಡರು. ನನ್ನ ಸರದಿಗೆ ಅಮ್ಮ ಅಡ್ಡ ನಿಂತಳು.

"ಇವಳಿಗೆ ಬೇಡ. ಭಾನುವಾರ ಗಂಡಿನ ಕಡೆಯವರು ನೋಡೋಕೆ ಬರ್ತಾರೆ. ತೋಳು ಊದ್ಕೊಂಡು ಜ್ವರ ಬಂದ್ರೆ ಹಾಡೋದು ಹೇಗೆ?"

"ತೋಳಲ್ಲಿ ಹಾಡ್ತಾರಾ ತಾಯಿ?" ಎಂದರು ದಾಕು ಹಾಕುವವರು.

"ತಮಾಷೆ ಸಾಕು. ಚಿಕ್ಕವಳಿದ್ದಾಗಲೇ ಹಾಕಿಸಿದೀವಿ."

"ಮೈಗೆ ಅದು ಮರೆತು ಹೋಗುತ್ತೆ. ಸಿಡುಬನ್ನ ಹೇಗೆ ಎದುರಿಸ್ಬೇಕು ಅಂತ ಆಗಾಗ ನೆನಪಿಸ್ಬೇಕು. ಈ ಊತ, ಜ್ವರ ಎಲ್ಲ ಮೈ ಪಾಠ ಕಲೀತಿರೋ ಗುರುತು."

"ಪಾಠ ಸೋಮವಾರ ಕಲೀಲಿ!"

ನಾನು ಬಾಗಿಲ ಹಿಂದೆ ನಿಂತಿದ್ದೆ. ಹೊರಡುವಾಗ ಅವರು, "ನಾಳೆ ಹಿಂದಿನ ಬೀದೀಲಿ ಇರ್ತೀನಿ" ಎಂದದ್ದನ್ನು ಮಾತ್ರ ಸರಿಯಾಗಿ ಕೇಳಿಸಿಕೊಂಡೆ.

ನಾಳೆ ನಾನೊಬ್ಬಳೇ ಹೋಗಿ ತೋಳು ಒಡ್ಡುತ್ತೇನೆ. ಹಾಕಿಸಿಕೊಂಡ ಮೇಲೆ ಅಮ್ಮನಿಗೆ ಹೇಳುತ್ತೇನೆ. ಬಂದ ವರನನ್ನು ವಾಪಸ್ ಕಳಿಸಬಹುದು. ಮೈಗೆ ಹತ್ತಿದ ದಾಕನ್ನು ವಾಪಸ್ ಕಳಿಸುವುದು ನಮ್ಮಮ್ಮನಿಂದಲೂ ಆಗದು.