ಸಿಗಡಿ ತೊಟ್ಟಿಗೆ ಒಳ್ಳೆಯ ನೀರು

ಬಸವೇಶ್ವರನಗರದ ನಮ್ಮ ಮನೆಗೆ ಸಿಗಡಿ ತಂದಾಗ ಅತ್ತೆ ಕೆಲವು ದಿನ ನಡುಮನೆಗೆ ಕಾಲಿಡಲಿಲ್ಲ. ಮೊಟ್ಟೆ ಹಾಕಿದ ಕೇಕನ್ನೂ ಒಳಗೆ ಬಿಡದ ಮನೆ ನಮ್ಮದು. ಇವು ಸಾಕಲಿಕ್ಕೆ, ತಿನ್ನಲಿಕ್ಕಲ್ಲ ಎಂದು ನಾನು ಹೇಳಿದ್ದನ್ನು ಅವರು ನಂಬಿದಂತೆ ಕಾಣಲಿಲ್ಲ. ಗಾಜಿನ ತೊಟ್ಟಿಯಲ್ಲಿ, ಗಿಡಗಳ ನಡುವೆ, ಉಗುರಿನಷ್ಟುದ್ದದ ಕೆಂಪು ಜೀವಗಳು ಕೈಯಾಡಿಸಿ ಮೇಯುವುದನ್ನು ಮೊದಲು ದೂರದಿಂದ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡರು. ಒಂದು ಹೆಣ್ಣು ಹೊಟ್ಟೆಯಡಿ ಮೊಟ್ಟೆ ಹೊತ್ತಿದ್ದನ್ನು ನನಗಿಂತ ಮುಂಚೆ ಕಂಡವರು ಅವರೇ.

"ಬಸುರಿ ಐತಲ್ಲವ್ವ ಇದು!"

ದಾವಣಗೆರೆಯ ಮಗಳ ಮನೆಗೆ ಹೊರಟಿದ್ದವರು, ಮರಿಯಾದ ಮೇಲೆ ಹೋಗ್ತೀನಿ ಎಂದು ಟಿಕೆಟ್ ರದ್ದು ಮಾಡಿಸಿದರು. ನಾನು ನಕ್ಕೆ, ಅವರು ನಗಲಿಲ್ಲ.

ಅಷ್ಟರಲ್ಲಿ ಸಾವು ಶುರುವಾಯಿತು. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು, ಬಿಳಿಚಿಕೊಂಡು ಮರಳ ಮೇಲೆ ಬಿದ್ದಿರುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುವವಳು, ಗಾಬರಿಯಾಗುವ ಮೊದಲು ಪರೀಕ್ಷೆ ಮಾಡುತ್ತೇನೆ. ಕಿಟ್ಟಿನಲ್ಲಿ ತೊಟ್ಟಿಯ ನೀರು ಪರೀಕ್ಷಿಸಿದರೆ ಅಮೋನಿಯಾ ಇರಲಿಲ್ಲ. ನೈಟ್ರೈಟ್ ಇರಲಿಲ್ಲ. ಪಿಎಚ್ ಸರಿಯಿತ್ತು. ಕಾವೇರಿ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು, ಕ್ಲೋರಿನ್ ಹೋದ ಮೇಲೆಯೇ ಹಾಕುತ್ತಿದ್ದೆ. ಸೊಳ್ಳೆಬತ್ತಿ ನಿಲ್ಲಿಸಿದೆ, ನಮ್ಮ ಯಜಮಾನರು ಗೊಣಗುತ್ತಾ ಮೈ ಕೆರೆದುಕೊಂಡರು. ಹೊಸ ಗಿಡದಲ್ಲಿ ಕೀಟನಾಶಕ ಉಳಿದಿರಬಹುದೆಂದು ಅದನ್ನೂ ಕಿತ್ತೆಸೆದೆ. ಸಿಗಡಿ ಮಾರಿದ ರಾಜಾಜಿನಗರದ ಅಂಗಡಿಯವನಿಗೆ ಫೋನ್ ಮಾಡಿದರೆ, "ವಾಟರ್ ಚೇಂಜ್ ಮಾಡಿ ಮೇಡಂ, ಸರಿಹೋಗತ್ತೆ," ಎಂದ. ಮಾಡಿದೆ. ಸರಿಹೋದಂತೆ ಕಂಡಿತು, ಮತ್ತೆ ಸತ್ತವು. ತೊಟ್ಟಿಯ ಬಸವನಹುಳುಗಳೂ ಚಿಪ್ಪು ಮುಚ್ಚಿಕೊಂಡು ತಳ ಸೇರಿದವು. ಗಿಡಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಸೊಂಪಾಗಿದ್ದವು. ನನಗೆ ತಲೆ ಕೆಟ್ಟುಹೋಯಿತು. ಬಸುರಿ ಇನ್ನೂ ಬದುಕಿದೆ ಎನ್ನುವುದೊಂದೇ ಸಮಾಧಾನ.

ರಜೆಯ ಒಂದು ಬೆಳಿಗ್ಗೆ ಕಾರಣ ಕಣ್ಣೆದುರಿಗೇ ಬಂತು. ಅತ್ತೆ ಲಿಂಗಪೂಜೆ ಮುಗಿಸಿ, ತಾಮ್ರದ ಕೊಡದಿಂದ ಒಂದು ತಂಬಿಗೆ ನೀರು ತಂದು ತೊಟ್ಟಿಗೆ ಸುರಿದರು. ಆ ಕೊಡವನ್ನು ದಿನಾ ಹುಣಸೆಹಣ್ಣು ಹಾಕಿ ಥಳಥಳ ಉಜ್ಜಿ, ರಾತ್ರಿ ನೀರು ತುಂಬಿಸಿಟ್ಟು, ಬೆಳಿಗ್ಗೆ ಎಲ್ಲರೂ ಕುಡಿಯುವುದು ನಮ್ಮ ಮನೆಯ ರೂಢಿ. ಆರೋಗ್ಯಕ್ಕೆ ಒಳ್ಳೆಯದೆಂದು ನಾನೂ ಕುಡಿಯುತ್ತೇನೆ.

"ಬಸುರಿಗೆ ಬಕೆಟ್ ನೀರು ಹಾಕ್ತಾರೇನವ್ವ? ನಾವು ಕುಡಿಯೋದನ್ನೇ ದಿನಾ ಹಾಕ್ತೀನಿ," ಎಂದರು.

ಸಾವು ಹೆಚ್ಚಾದಂತೆ ಅವರ ತಂಬಿಗೆಗಳೂ ಹೆಚ್ಚಾಗಿದ್ದವು. ಕೊಡದಿಂದ ನೀರಿಗಿಳಿಯುವ, ನಮಗೆ ಏನೂ ಮಾಡದಷ್ಟು ತಾಮ್ರವೂ ಸಿಗಡಿಗೆ ವಿಷ. ನನ್ನ ಕಿಟ್ಟಿನಲ್ಲಿ ತಾಮ್ರದ ಪರೀಕ್ಷೆಯೇ ಇರಲಿಲ್ಲ. ಉಳಿದವನ್ನೆಲ್ಲ ಬಲೆಯಲ್ಲಿ ಎತ್ತಿ ಬಕೆಟ್ಟಿನ ನೀರಿಗೆ ಬಿಟ್ಟೆ. ಕೆಲವು ಚೇತರಿಸಿಕೊಂಡವು. ಬಸುರಿ ಸಂಜೆಯ ಹೊತ್ತಿಗೆ ಮೊಟ್ಟೆಗಳ ಸಮೇತ ಹೋಯಿತು.

ಅತ್ತೆಗೆ ಹೇಳದೆ ವಿಧಿಯಿರಲಿಲ್ಲ, ಇಲ್ಲದಿದ್ದರೆ ನಾಳೆಯೂ ಸುರಿಯುತ್ತಾರೆ. ಪಾಠ ಮಾಡುವ ದನಿಯಲ್ಲೇ ಹೇಳಿದೆ. ಬೇರೆ ದನಿಯಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಪೂರ್ತಿ ಕೇಳಿದರು.

"ನೀರು ಹಾಕ್ತಿದ್ದಂಗೆ ಎಲ್ಲಾ ಮ್ಯಾಲೆ ಬಂದು ಕುಣೀತಿದ್ವಲ್ಲವ್ವ. ಅದು ಖುಷಿಗಲ್ಲೇನು?"

ನೀರು ಒಗ್ಗದಾಗ ಸಿಗಡಿಗಳು ಹಾಗೆ ಮೇಲಕ್ಕೆ ನುಗ್ಗುತ್ತವೆ, ಹೊರಬೀಳಲು ದಾರಿ ಹುಡುಕಿಕೊಂಡು. ನನಗೆ ಅಳು ಬಂತು.

"ಖುಷಿಗೇ ಅತ್ತೆ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು.

"ಸುಳ್ಳು ಹೇಳಬ್ಯಾಡ ನಮ್ಮವ್ವ," ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು.