ಹೆಣದ ಪಾತ್ರ

ಮೊಳಕಾಲ್ಮುರಿನ ನೇಕಾರ ಜಂಪಣ್ಣ ಹದಿನೆಂಟು ವರ್ಷದಿಂದ ನಾಟಕದಲ್ಲಿ ರಾಜನ ಗೆಳೆಯನೇ. ರಾಜನ ಪಾತ್ರ ಮಾತ್ರ ಯಾವಾಗಲೂ ಚಳ್ಳಕೆರೆ ಎಣ್ಣೆ ಮಿಲ್ಲಿನ ಅಂಜನ್‌ನದು. ಯುದ್ಧ ಗೆಲ್ಲುವವನೂ ಅವನೇ, ಹುಲಿ ಕೊಲ್ಲುವವನೂ ಅವನೇ. ಜಂಪಣ್ಣನಿಗೆ ಉಳಿಯುವುದು "ಭಲೇ ಮಹಾರಾಜಾ!" ಅನ್ನುವುದೊಂದೇ. ಹುಲಿಯನ್ನಾದರೂ ನನಗೆ ಬಿಡಬಾರದೇ ಅಂತ ಅವನ ಹೊಟ್ಟೆ ಉರಿಯುತ್ತಿತ್ತು.

ಈ ಸಲ ನಾಟಕದ ಮೇಷ್ಟ್ರನ್ನು ಕಾಡಿ ಬೇಡಿ ಒಂದು ಸಾವು ಗಿಟ್ಟಿಸಿಕೊಂಡ. ಬಾಣ ತಾಗಿ ಬಿದ್ದ. ಮುಂದಿನ ಸಾಲಿನಲ್ಲಿ ಕೂತ ಹೆಂಡತಿ ಚಿನ್ನಕ್ಕ ತನಗಾಗಿ ಅಳುತ್ತಾಳೆಂದು ಕಣ್ಣು ಮುಚ್ಚಿ ಕಾದ. ಅಷ್ಟರಲ್ಲಿ ಅಂಜನ್ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಶೋಕದ ಹಾಡು ಎತ್ತಿದ. ಜನ "ಒನ್ಸ್ ಮೋರ್" ಅಂದರು. ಮತ್ತೆ ಹಾಡಿದ. ಮತ್ತೆ "ಒನ್ಸ್ ಮೋರ್". ಸತ್ತವನು ನಾನು, ಚಪ್ಪಾಳೆ ಇವನಿಗೆ! ಜಂಪಣ್ಣ ಒಂದು ಕಣ್ಣು ತುಸುವೇ ತೆರೆದು ನೋಡಿದ. ಚಿನ್ನಕ್ಕ ಅಳುತ್ತಲೇ ಇದ್ದಳು, ಆದರೆ ನೋಡುತ್ತಿದ್ದದ್ದು ಅಂಜನ್‌ನನ್ನು.

ಮೂರನೇ ಸಲ ಹಾಡು ಶುರುವಾದಾಗ ಅವನಿಗೆ ತಡೆಯಲಾಗಲಿಲ್ಲ. ಜನ ನಗಲಿ, ಇವನ ಹಾಡು ಹಾಳಾಗಿ ಹೋಗಲಿ ಅಂತ, ಮಗ್ಗ ತುಳಿಯುವ ಹಾಗೆ ಎರಡೂ ಕಾಲನ್ನು ಪಟಪಟ ಆಡಿಸಿಬಿಟ್ಟ. ಒಬ್ಬರೂ ನಗಲಿಲ್ಲ. ಶಿಳ್ಳೆಯೋ ಶಿಳ್ಳೆ. ಯಾರೋ ಓಡಿಬಂದು ಅಂಜನ್‌ನ ಕೊರಳಿಗೆ ಹಾರ ಹಾಕಿದರು.

ಬೆಳಿಗ್ಗೆ ಟೀ ಕೊಡುವಾಗಲೂ ಚಿನ್ನಕ್ಕ ಅದೇ ಗುಂಗಿನಲ್ಲಿದ್ದಳು.

"ಎಂಥಾ ಕಂಠ ರೀ ಅವಂದು! ಅವ್ನು ಹಾಡಿದ್ದಕ್ಕೆ ಹೆಣಾನೂ ಕಾಲಾಡಿಸ್ತು!"

"ಲೇ, ಆ ಹೆಣ ನಾನೇ ಕಣೇ," ಅಂದ ಜಂಪಣ್ಣ.

"ಗೊತ್ತೈತೆ ಬಿಡ್ರಿ. ನಾನು ದಿನಾ ಬಡ್ಕಂಡ್ರೂ ನೀವು ಏಳಲ್ಲ."